ಹುಲ್ಲಿನ ಮಷೀನೂ ದಾವಲಸಾಬರೂ

ಎಂಜಿನ್ ಬಿಚ್ಚುವ ಮೊದಲು ದಾವಲಸಾಬರು ಕಣ್ಣು ಮುಚ್ಚುತ್ತಿದ್ದರು. ಮುಚ್ಚಿದ ಕಣ್ಣು ಬೇಗ ತೆರೆಯುತ್ತಿರಲಿಲ್ಲ. ಎಡಗೈಯನ್ನು ಸಿಲಿಂಡರಿನ ಮೇಲಿಟ್ಟು, ಬಲಗೈಯಿಂದ ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತ, ಬಸುರಿಯ ಹೊಟ್ಟೆ ಮುಟ್ಟಿ ನೋಡುವ ಸೂಲಗಿತ್ತಿಯ ಹಾಗೆ ಕೂತುಬಿಡುತ್ತಿದ್ದರು. ಮೊದಲ ಸಲ ನೋಡಿದವರು ಮುದುಕನಿಗೆ ನಿದ್ದೆ ಹತ್ತಿತು ಎಂದೇ ತಿಳಿಯುತ್ತಿದ್ದರು. ನಾನೂ ಹಾಗೇ ತಿಳಿದು ಒಂದು ಸಲ ಕೆಮ್ಮಿದೆ, ಎರಡು ಸಲ ಕೆಮ್ಮಿದೆ. ಮೂರನೆಯ ಸಲಕ್ಕೆ ಅವರು ಕಣ್ಣು ತೆರೆಯದೆಯೇ ಹೇಳಿದರು:

“ಎಚ್ಚರ ಅದೀನಿ ಅಕ್ಕೋರ. ಕುಂಡ್ರಿ. ಇದು ಏನೋ ಹೇಳಾಕತ್ತೈತಿ, ಮುಗಿಸಲಿ.”

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ನೋಡದೆಯೇ ನಾನು ಶಿಕ್ಷಕಿ ಎಂದು ಹೇಗೆ ಗೊತ್ತಾಯಿತು ಎಂದು ಆಮೇಲೊಂದು ದಿನ ಕೇಳಿದೆ. “ಕೆಮ್ಮಿದ್ದಕ್ಕ ಗೊತ್ತಾತು. ಹಂಗ ಕೆಮ್ಮಿದ್ರ ಸುಮ್ಮ ಕುಂಡ್ರಬೇಕಂತ ಮೂರನೇತ್ತೆ ತನಕ ಸಾಲ್ಯಾಗ ಕಲ್ತೀನಲ್ಲ” ಎಂದು ನಕ್ಕರು. ಬಿಳಿ ಗಡ್ಡದ ನಡುವೆ ಆ ನಗು ಬಹಳ ಹೊತ್ತು ಉಳಿಯಿತು.

ಅವರ ಅಂಗಡಿ ಬೆಟಗೇರಿಯಲ್ಲಿ, ಮಗ್ಗದ ಸದ್ದು ಇನ್ನೂ ಪೂರ್ತಿ ನಿಲ್ಲದ ಒಂದು ಓಣಿಯ ಕೊನೆಗಿತ್ತು. ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆ, ಅದಕ್ಕೊಂದು ತಗಡಿನ ಮಾಡು. ಮಧ್ಯಾಹ್ನ ಗಾಳಿ ಎದ್ದರೆ ತಗಡು ಸಣ್ಣಗೆ ನಡುಗುತ್ತಿತ್ತು. ಎದುರು ಮನೆಯೊಳಗೆ ಮಗ್ಗದ ಲಾಳಿ ಅತ್ತಿಂದಿತ್ತ ಓಡುತ್ತಿತ್ತು. ಪೆಟ್ರೋಲು, ಸುಟ್ಟ ಎಣ್ಣೆ, ಒಳಗಿನಿಂದ ಬರುವ ಚಹಾದ ವಾಸನೆ ಎಲ್ಲ ಕೂಡಿ ಒಂದೇ ಆಗಿರುತ್ತಿತ್ತು. ಅಲ್ಲಿ ಐದು ನಿಮಿಷ ಕೂತರೆ ಯಾವ ಕೆಲಸಕ್ಕೆ ಬಂದೆ ಎನ್ನುವುದೇ ಮರೆಯುತ್ತಿತ್ತು. ಈಗಲೂ ಅವರ ನೆನಪೆಂದರೆ ನನಗೆ ಮೊದಲು ಬರುವುದು ಆ ಅರೆನಿದ್ದೆಯಂಥ ಮಂಪರು. ಮುಖ, ಮಾತು ಎಲ್ಲ ಆಮೇಲೆ.

ವಯಸ್ಸು ಮೂವತ್ತಾಗುವ ತನಕ ಅವರು ನೇಕಾರರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುವ ಮಗ್ಗ ಅವರ ತಂದೆಯದು. ಒಳಗೆ ಬೆಳಕು ಕಡಿಮೆ. ಸೀರೆಯ ಹಾಸಿನಲ್ಲಿ ಎಲ್ಲಿ ಎಳೆ ಕಡಿದಿದೆ ಎನ್ನುವುದನ್ನು ಬೆರಳಾಡಿಸಿಯೇ ಹುಡುಕಬೇಕಿತ್ತಂತೆ. “ಕಣ್ಣಿಗೆ ಅರ್ಧಾ ಕಾಣತೈತಿ ಅಕ್ಕೋರ. ಬೆರಳಿಗೆ ಪೂರಾ ಕಾಣತೈತಿ” ಎನ್ನುತ್ತಿದ್ದರು. ಮಗ್ಗದ ಕೂಲಿ ಮನೆಗೆ ಸಾಲದೆ ಬಂದಾಗ ಪಂಪು ರಿಪೇರಿಯ ಅಂಗಡಿಯೊಂದಕ್ಕೆ ಹೋದರು. ಬೆರಳು ತಾವು ಕಲಿತದ್ದನ್ನು ಬಿಡಲಿಲ್ಲ.

ಅವರ ಹೆಂಡತಿ ಖಾತೂನಬಿ ಚಹಾ ತಂದಿಡುವಾಗ ಒಂದು ಮಾತನ್ನೂ ಜೊತೆಗಿಟ್ಟು ಹೋಗುವವರು.

“ನೋಡ್ರಿ ಅಕ್ಕೋರ, ಊರ ಪಂಪಿನ ನಾಡಿ ಎಲ್ಲಾ ಹಿಡದ ನೋಡ್ತಾರ. ನಲವತ್ತ ವರ್ಷಾತು, ನನ್ನ ನಾಡಿ ಒಂದಿನ ಹಿಡದ ನೋಡಿಲ್ಲ.”

“ನೀ ಎಂದಾದ್ರೂ ಬಂದ್ ಬಿದ್ದೀಯೇನ, ನೋಡಾಕ?”

ಖಾತೂನಬಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ಇದೇ ಮಾತು, ಇದೇ ಉತ್ತರ ನಾನು ಎಷ್ಟು ಸಲ ಕೇಳಿದೆನೋ. ಇಬ್ಬರಿಗೂ ಬೇಸರವಾದದ್ದು ನೋಡಲಿಲ್ಲ.

ಯಂತ್ರ ತಂದವರಿಂದ ಅದರ ಪೂರ್ತಿ ಕತೆ ಕೇಳದೆ ಅವರು ನಟ್ಟು ತಿರುಗಿಸುವ ಪಾನಾ ಹಿಡಿಯುತ್ತಿರಲಿಲ್ಲ. ಒಮ್ಮೆ ಸೊರಟೂರಿನ ರೈತನೊಬ್ಬ ಔಷಧ ಹೊಡೆಯುವ ಪಂಪು ಹೊತ್ತು ತಂದು, “ಚಾಲೂನ ಆಗವಲ್ದು, ಜಲ್ದಿ ನೋಡ್ರಿ” ಎಂದ.

“ನಿನ್ನೆ ಏನ ತಿಂದೈತಿ?”

“ಪೆಟ್ರೋಲ್ ಹಾಕೇನಿ.”

“ಯಾವ ಡಬ್ಬಿಯಿಂದ?”

ರೈತ ತಲೆ ಕೆರೆದುಕೊಂಡ. ಮನೆಯಲ್ಲಿದ್ದ ಡಬ್ಬಿ. ಮೊದಲು ಅದರಲ್ಲಿ ಏನಿತ್ತು? ಗೊತ್ತಿಲ್ಲ, ಮಳೆಯಲ್ಲಿ ಹೊರಗಿತ್ತು. ದಾವಲಸಾಬರು ಟ್ಯಾಂಕು ಬಗ್ಗಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಸುರಿದರು. ತಳದಲ್ಲಿ ನೀರಿನ ಗುಳ್ಳೆ ಬೇರೆಯಾಗಿ ಕೂತಿತು. “ತಗೋ, ನಿನ್ನ ಪಂಪಿಗೇನ ಆಗಿಲ್ಲ. ಅದು ಉಪಾಸ ಐತಿ” ಎಂದು ಟ್ಯಾಂಕು ತೊಳೆದು ಕೊಟ್ಟು ಕಳಿಸಿದರು. “ಎಂಜಿನ್ ಸುಳ್ಳ ಹೇಳೂದಿಲ್ಲರಿ, ನಾವ ತಪ್ಪ ಕೇಳ್ತೀವಿ” ಎನ್ನುವುದು ಅವರ ಖಾಯಂ ಮಾತು. ಆ ಮಾತು ಅವರ ಮೇಲೇ ತಿರುಗಿ ಬಂದ ದಿನ ನಾನು ಎದುರಿಗಿದ್ದೆ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಗದಗಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಕಲಿಸುತ್ತೇನೆ. ನಮ್ಮ ಹುಡುಗಿಯರು ಹಾಕಿ ಆಡುತ್ತಾರೆ. ಮೈದಾನ ಮಾತ್ರ ಎರೆಮಣ್ಣಿನದು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುತ್ತಿತ್ತು. ಬಿದ್ದ ಹುಡುಗಿಯರ ಮೊಣಕಾಲ ಗಾಯ ಒಣಗುವ ಮೊದಲೇ ಮತ್ತೊಮ್ಮೆ ಕಿತ್ತುಹೋಗುತ್ತಿತ್ತು. ಶಾಲೆಯ ತೋಟದ ಕೆಲಸದ ಫಕೀರಪ್ಪ ಮತ್ತು ನಾನು ಕೂಡಿ ಎರಡು ಮಳೆಗಾಲ ಹುಲ್ಲು ನಾಟಿದೆವು. ಬೋರಿನ ನೀರು ಬಿಟ್ಟೆವು, ಬುಟ್ಟಿಗಟ್ಟಲೆ ಕಲ್ಲು ಆರಿಸಿದೆವು. ಮಾತು ಕಡಿಮೆಯ ಮನುಷ್ಯ ಫಕೀರಪ್ಪ. ಹುಲ್ಲು ಹಿಡಿದದ್ದು ನನ್ನ ಹುರುಪಿನಿಂದಲ್ಲ, ಅವನ ಬೆನ್ನಿನಿಂದ. ಮೂರನೆಯ ಮಳೆಗೆ ಮೈದಾನವಿಡೀ ಹಸಿರಾಯಿತು. ಬೆಳಿಗ್ಗೆ ಗಾಳಿ ಬಂದರೆ ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಾಗುತ್ತ ಹೋಗುವುದನ್ನು ನೋಡುತ್ತ ನಾನು ಸೀಟಿ ಊದುವುದನ್ನೇ ಮರೆಯುತ್ತಿದ್ದೆ.

ಆದರೆ ಕುಡುಗೋಲಿನಿಂದ ಕೊಯ್ದ ಹುಲ್ಲು ಒಂದೇ ಎತ್ತರಕ್ಕೆ ನಿಲ್ಲುವುದಿಲ್ಲ. ಚೆಂಡು ಬುಡಕ್ಕೆ ತಾಗಿ ಎಲ್ಲೆಲ್ಲೋ ಹಾರುತ್ತಿತ್ತು. ಆಗ ಶಾಲೆಯ ಉಗ್ರಾಣದಲ್ಲಿ, ಮುರಿದ ಬೆಂಚುಗಳ ಅಡಿಯಲ್ಲಿ, ಒಂದು ಹುಲ್ಲು ಕತ್ತರಿಸುವ ಮಷೀನು ಸಿಕ್ಕಿತು. ಯಾವ ಕಾಲದ್ದೋ, ಯಾರು ತಂದದ್ದೋ. ಹಗ್ಗ ಸುತ್ತಿ ಎಳೆದು ಚಾಲೂ ಮಾಡುವ ಪೆಟ್ರೋಲ್ ಎಂಜಿನ್, ಮೇಲೆ ಹಕ್ಕಿ ಗೂಡು. ಶಾಲೆಯ ಕಾರ್ಯದರ್ಶಿಗಳು ಗುಜರಿಗೆ ಹಾಕಿ ಎಂದರು. ಹುಬ್ಬಳ್ಳಿಯ ದೊಡ್ಡ ಅಂಗಡಿಯವರೂ ಆಗುವುದಿಲ್ಲ ಎಂದರು. ನಾನು ಹಟ ಹಿಡಿದು, ಫಕೀರಪ್ಪನೊಡನೆ ಅದನ್ನು ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹೇರಿಕೊಂಡು ಬೆಟಗೇರಿಗೆ ಹೋದೆ. ಕೆಮ್ಮಿದ್ದು ಆವತ್ತೇ.

ಅವರು ಒಂದೂವರೆ ತಿಂಗಳು ತೆಗೆದುಕೊಂಡರು. ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಕೂಡಿಸಿದರು. ಸಿಗದ ಭಾಗಗಳನ್ನು ಬೇರೆ ಯಂತ್ರಗಳಿಂದ ತಂದು ಅರದಿಂದ ಉಜ್ಜಿ ಹೊಂದಿಸಿದರು. ನಾನು ಶನಿವಾರ ಶಾಲೆ ಬಿಟ್ಟ ಮೇಲೆ ಹೋಗಿ ನೋಡುತ್ತ ಕೂರುತ್ತಿದ್ದೆ. ಕಿಡಿಯ ಹೊತ್ತು ಹೊಂದಿಸುವುದನ್ನು ಅವರು ನನಗೆ ಕಲಿಸಿದ್ದು ಅಂಥ ಒಂದು ಮಧ್ಯಾಹ್ನ.

“ಪಿಸ್ಟನ್ ಮ್ಯಾಲೆ ಬರತೈತಿ. ಇನ್ನೇನ ತುದಿ ಮುಟ್ಟತೈತಿ ಅನ್ನೂವಾಗ ಕಿಡಿ ಬೀಳಬೇಕು. ಬೆಂಕಿ ಹಬ್ಬೂದ್ರಾಗ ಅದು ತುದಿ ಮುಟ್ಟಿ ಕೆಳಗ ಹೊಳ್ಳಿರತೈತಿ, ಬೆಂಕಿ ಹಿಂದಿಂದ ನೂಕತೈತಿ. ಇನ್ನಾ ದೂರ ಇದ್ದಾಗನ ಕಿಡಿ ಬಿತ್ತಂದ್ರ? ಬರಾವನ ಎದಿಗೆ ಒದ್ದಂಗ. ಉಲ್ಟಾ ತಿರಗತೈತಿ, ಹಗ್ಗ ಹಿಡದ ಕೈನ ಎಳಕೊಂಡ ಹೋಗತೈತಿ.”

ನನಗೆ ಅರ್ಥವಾದಂತೆ ಕಾಣಲಿಲ್ಲವೇನೋ. ಲಾಳಿಯ ಓಟವೂ ಎಳೆಯನ್ನು ಒತ್ತಿ ಕೂಡಿಸುವ ಹಣಗಿಯ ಬಡಿತವೂ ಕೇಳುತ್ತಿದ್ದ ಎದುರು ಮನೆಯ ಕಡೆ ಬೆರಳು ತೋರಿಸಿದರು.

“ಕೇಳ್ರಿ. ಲಾಳಿ ಈ ದಂಡಿಯಿಂದ ಆ ದಂಡಿಗೆ ಹೋತು. ಈಗ ಹಣಗಿ ಬಡೀತು. ಮತ್ತ ಹೋತು, ಮತ್ತ ಬಡೀತು. ಲಾಳಿ ನಡುವ ಇದ್ದಾಗ ಹಣಗಿ ಬಡದ್ರ ಲಾಳಿ ಸಿಕ್ಕಿ ಎಳಿ ಎಲ್ಲಾ ಹರೀತಾವ. ಇಷ್ಟ ನೋಡ್ರಿ ಟೈಮಿಂಗ್ ಅಂದ್ರ.”

ಅವರ ಬಳಿ ಗಾಳಿಪಟ ಮಾಡುವ ತೆಳು ಹಾಳೆಯ ಚೂರುಗಳಿದ್ದವು. ಎಂಜಿನ್ನಿನ ಹೊರಗಾಲಿಯಲ್ಲೊಂದು ಕಿಂಡಿ. ಅದರೊಳಗೆ ಎರಡು ಪುಟ್ಟ ಲೋಹದ ತುಟಿಗಳು. ಅವಕ್ಕೆ ಪಾಯಿಂಟು ಎನ್ನುತ್ತಾರೆ. ಅವು ಒಂದನ್ನೊಂದು ಬಿಡುವ ಗಳಿಗೆಯಲ್ಲೇ ಕಿಡಿ ಹಾರುವುದು. ಆ ತುಟಿಗಳ ನಡುವೆ ನೇರಳೆ ಬಣ್ಣದ ಹಾಳೆ ಇಟ್ಟು, ಅದರ ತುದಿಯನ್ನು ನನ್ನ ಕೈಗೆ ಕೊಟ್ಟು, ಹಗುರ ಜಗ್ಗಿ ಹಿಡಿಯಲು ಹೇಳಿ, ತಾವು ಗಾಲಿ ತಿರುಗಿಸಿದರು. ಹಾಳೆ ಬಿಗಿಯಾಗಿತ್ತು, ಬಿಗಿಯಾಗಿತ್ತು. ಆಮೇಲೆ, ನಿದ್ದೆ ಹೋದ ಮಗುವಿನ ಮುಷ್ಟಿ ಸಡಿಲಾದ ಹಾಗೆ, ನನ್ನ ಕೈಗೆ ಬಂತು. ಆಗ ಗಾಲಿಯ ಮೇಲಿನ ಗೆರೆ ಎಂಜಿನ್ನಿನ ಮೈಮೇಲಿನ ಗೆರೆಗೆ ಸರಿಯಾಗಿ ಕೂತಿತ್ತು.

“ಆತು. ಕಿಡಿ ಅಲ್ಲೇ ಐತಿ” ಎಂದರು.

ಮುಂದಿನ ವಾರ ಮಷೀನು ಮೈದಾನಕ್ಕೆ ಬಂತು. ಫಕೀರಪ್ಪ ಹಗ್ಗ ಎಳೆದ, ಎರಡನೆಯ ಎಳೆತಕ್ಕೆ ಎಂಜಿನ್ ಎದ್ದಿತು. ಹುಡುಗಿಯರು ಸ್ಟಿಕ್ಕು ನೆಲಕ್ಕೆ ಬಡಿದು ಕೂಗಿದರು. ಕತ್ತರಿಸಿದ ಹುಲ್ಲಿನ ಹಸಿ ವಾಸನೆ ಶಾಲೆಯ ಕೋಣೆಗಳೊಳಗೆಲ್ಲ ಹೋಗಿ, ಲೆಕ್ಕದ ಅಕ್ಕೋರೂ ಕಿಟಕಿಗೆ ಬಂದು ನಿಂತರು. ದಾವಲಸಾಬರು ಗಿಡದ ನೆರಳಿನಲ್ಲಿ ಕೂತು ಮಷೀನು ದೂರ ಹೋಗಿ ತಿರುಗಿ ಬರುವುದನ್ನು ಕೇಳುತ್ತಿದ್ದರು.

ಹತ್ತು ಹನ್ನೆರಡು ದಿನ ಎಲ್ಲ ಚೆನ್ನಾಗಿತ್ತು. ಆಮೇಲೊಂದು ದಿನ ಫಕೀರಪ್ಪ ನನ್ನ ಬಳಿ ಬಂದು ನಿಂತ.

“ಅಕ್ಕೋರ, ಎರಡ ದಿನಾತು, ಹಗ್ಗ ಎಳದ್ರ ಕೈ ತಿರುಗಿ ಜಗ್ಗತೈತಿ. ಜಲ್ದಿ ಏಳವಲ್ದು.”

ವಾರದಲ್ಲಿ ನಮ್ಮ ಹುಡುಗಿಯರ ಪಂದ್ಯವಿತ್ತು. ನನ್ನ ತಲೆ ಅದರಲ್ಲೇ ಇತ್ತು. “ಗಟ್ಟಿ ಮನಸ್ಸು ಮಾಡಿ ಜೋರ ಎಳಿ ಫಕೀರಪ್ಪ, ಏಳತೈತಿ” ಎಂದುಬಿಟ್ಟೆ. ಅವನು ಹೋಗಿ ಜೋರಾಗಿ ಎಳೆದ. ಎಂಜಿನ್ ಒಮ್ಮೆ ಢಬ್ ಎಂದು ಹಿಂದಕ್ಕೆ ಒದ್ದಿತು. ಹಗ್ಗದ ಹಿಡಿಕೆಯೊಂದಿಗೆ ಅವನ ಬಲಗೈಯನ್ನೂ ಎಳೆದುಕೊಂಡಿತು. ಅವನು ಕೈಯನ್ನು ಎದೆಗೆ ಒತ್ತಿಕೊಂಡು ಹುಲ್ಲಿನ ಮೇಲೆ ಕೂತ. ಆಸ್ಪತ್ರೆಯಲ್ಲಿ ಮಣಿಕಟ್ಟಿನ ಎಲುಬು ಮುರಿದಿದೆ ಎಂದು ಪಟ್ಟಿ ಹಾಕಿದರು.

ಮರುದಿನ ಕಾರ್ಯದರ್ಶಿಗಳು ಬಂದರು. ಮಷೀನಿನ ಸುತ್ತ ಒಂದು ಸುತ್ತು ಹಾಕಿ, “ಕಲ್ಲಿನ ಮ್ಯಾಲೆ ಹೊಡದಾನ. ಬ್ಲೇಡಿಗೆ ಕಲ್ಲ ಬಡದು ಒಳಗೇನೋ ಮುರದೈತಿ. ಕುಡದ ಬಂದಿದ್ನೋ ಏನೋ” ಎಂದರು. ಫಕೀರಪ್ಪ ಚಹಾ ಬಿಟ್ಟು ಬೇರೇನೂ ಕುಡಿಯುವವನಲ್ಲ. ಅದನ್ನು ಹೇಳಿದೆ. ಕಲ್ಲಿನ ಮಾತಿಗೆ ಮಾತ್ರ ಸುಮ್ಮನಿದ್ದೆ. ಅವನ ಅಜಾಗರೂಕತೆಯಿಂದ ಆಗಿರಬಹುದು ಎಂದು ಅವರು ಬರೆಸಿದ ಕಾಗದಕ್ಕೆ ನಾನು ಸಹಿ ಹಾಕಿದೆ. ಕಲ್ಲು ಅಲ್ಲವೆಂದರೆ ತಪ್ಪು ದಾವಲಸಾಬರ ಮೇಲೆ ಬರುತ್ತಿತ್ತು, ಅವರನ್ನು ಹಿಡಿದು ತಂದ ನನ್ನ ಮೇಲೆ ಬರುತ್ತಿತ್ತು, ಆಮೇಲೆ ಮೈದಾನವೂ ಹೋಗುತ್ತಿತ್ತು. ಹೀಗೆಲ್ಲ ಆಗ ನನಗೆ ನಾನೇ ಹೇಳಿಕೊಂಡೆ. ಕಾಯಂ ನೌಕರನಲ್ಲದ ಫಕೀರಪ್ಪನಿಗೆ, ಕೈ ಗುಣವಾದ ಮೇಲೂ ಬರುವುದು ಬೇಡ ಎಂದು ಹೇಳಿ ಕಳಿಸಿದರು.

ದಾವಲಸಾಬರನ್ನು ಕರೆಸಿದ್ದು ಅದರ ಮಾರನೆಯ ದಿನ. ಬಂದವರೇ ಅವರು ಮೊದಲು ಕೇಳಿದ್ದು, “ಹಗ್ಗ ಎಳದಾಂವ ಎಲ್ಲಿ? ಅವನ್ನ ಕೇಳಬೇಕಿತ್ತು” ಎಂದು. ಅವನು ಇಲ್ಲ ಎಂದರು ಕಾರ್ಯದರ್ಶಿಗಳು. ದಾವಲಸಾಬರು ನನ್ನ ಕಡೆ ನೋಡಿದರು. ನಾನು ಹುಲ್ಲು ನೋಡಿದೆ.

ಪ್ಲಗ್ ಬಿಚ್ಚಿ ಮೂಸಿದರು. ಪೆಟ್ರೋಲ್ ಬರುತ್ತಿತ್ತು. ಪ್ಲಗ್ಗನ್ನು ಕಬ್ಬಿಣಕ್ಕೆ ತಾಗಿಸಿ ಗಾಲಿ ತಿರುಗಿಸಿದರು. ನೀಲಿ ಕಿಡಿ ಚಟ್ ಎಂದಿತು. ಪ್ಲಗ್ಗಿನ ತೂತಿಗೆ ಹೆಬ್ಬೆರಳಿಟ್ಟು ತಿರುಗಿಸಿದರೆ ಒಳಗಿನ ಒತ್ತು ಬೆರಳನ್ನು ಎತ್ತಿ ಒಗೆಯಿತು. “ಪೆಟ್ರೋಲ್ ಐತಿ, ಕಿಡಿ ಐತಿ, ದಮ್ಮ ಐತಿ. ಆದ್ರೂ ಒದಿಯಾಕತ್ತೈತಿ” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಹಾಳೆ ಇಟ್ಟು ನೋಡಿದರು. ಹಾಳೆ ಸಡಿಲಾದಾಗ ಗೆರೆಗೆ ಗೆರೆ ಸರಿಯಾಗಿಯೇ ಇತ್ತು. ಮತ್ತೊಮ್ಮೆ ನೋಡಿದರು, ಮತ್ತೊಮ್ಮೆ. ಅಷ್ಟು ಹೊತ್ತು ಅವರು ಗೊಂದಲದಲ್ಲಿದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ಬಿಸಿಲು ಏರುತ್ತಿತ್ತು, ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದರು. ದೂರದಲ್ಲಿ ಹುಡುಗಿಯರು ಪಾಠ ಒಪ್ಪಿಸುವ ಸ್ವರ ಜೇನಿನ ಗುಂಯ್‌ಗುಡುವಿಕೆಯಂತೆ ಬರುತ್ತಿತ್ತು.

ಕೊನೆಗೆ ಅವರು ಚೀಲದಿಂದ ಸೈಕಲ್ ಗಾಲಿಯ ಒಂದು ಕಡ್ಡಿ ತೆಗೆದರು. ಪ್ಲಗ್ಗಿನ ತೂತಿನಿಂದ ಅದನ್ನು ಒಳಗೆ ಇಳಿಬಿಟ್ಟು, ಪಿಸ್ಟನ್ನಿನ ತಲೆಗೆ ತಾಗಿಸಿ, ಕಣ್ಣು ಮುಚ್ಚಿ ಗಾಲಿ ತಿರುಗಿಸಿದರು. ಹಾಳೆಯನ್ನು ನಾನು ಹಿಡಿದಿದ್ದೆ. ಹಾಳೆ ನನ್ನ ಕೈಗೆ ಬಂದಾಗ ಅವರ ಕೈಯ ಕಡ್ಡಿ ಇನ್ನೂ ಏರುತ್ತಲೇ ಇತ್ತು. ಪಿಸ್ಟನ್ ತುದಿಯಿಂದ ಬಹಳ ದೂರವಿರುವಾಗಲೇ ಕಿಡಿ ಹಾರುತ್ತಿತ್ತು.

“ಅರೆ! ಇಷ್ಟೊತ್ತು ನಾ ಗಾಲೀನ ಕೇಳಾಕತ್ತಿದ್ದೆ. ಗೆರಿನೂ ಅದರ ಮ್ಯಾಲೆ ಐತಿ, ಪಾಯಿಂಟ್ ತೆರಿಯೂದೂ ಅದನ. ಗಾಲಿನ ಜರದ್ರ ಎರಡೂ ಕೂಡೆ ಜರೀತಾವ, ಎರಡೂ ಒಂದ ಹೇಳತಾವ. ಒಳಗಿದ್ದಾವನ್ನ ನಾ ಕೇಳಲಿಲ್ಲ.”

ಗಾಲಿ ಬಿಚ್ಚಿದರು. ಗಾಲಿಯನ್ನೂ ಅದರ ನಡುವಿನ ದಂಡವನ್ನೂ ಒಂದೇ ಜಾಗಕ್ಕೆ ಹಿಡಿದಿಡಲು ಅರ್ಧಚಂದ್ರದ ಆಕಾರದ ಒಂದು ಸಣ್ಣ ತುಂಡು ಇರುತ್ತದೆ. ಅದು ಅರ್ಧಕ್ಕೆ ಕತ್ತರಿಸಿಹೋಗಿ ಗಾಲಿ ಜಾರಿತ್ತು. ಕಾರ್ಯದರ್ಶಿಗಳು ಬಗ್ಗಿ ನೋಡಿ ಗೆದ್ದವರಂತೆ ಹೇಳಿದರು: “ನೋಡ್ರಿ ಮತ್ತ! ನಾ ಹೇಳಲಿಲ್ಲೇನು? ಕಲ್ಲಿಗೆ ಬಡದ್ರ ಇದ ಮುರಿಯೂದಲ್ಲೇನು?”

“ಹೌದ್ರಿ, ಕಲ್ಲಿಗೆ ಬಡದ್ರೂ ಮುರೀತೈತಿ” ಎಂದರು ದಾವಲಸಾಬರು.

ಅಲ್ಲಿಗೆ ನಿಲ್ಲಬಹುದಿತ್ತು. ನಿಂತಿದ್ದರೆ ಲೋಕದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ದಂಡದ ಮೇಲೆ ಬೆರಳಾಡಿಸುತ್ತಿದ್ದರು. ಒಂದು ಸುತ್ತು, ಇನ್ನೊಂದು ಸುತ್ತು. ಕಡಿದ ಎಳೆ ಹುಡುಕುವಾಗ ಹೇಗೆ ಕೂರುತ್ತಿದ್ದರು ಎಂದು ನಾನು ಆಗ ಊಹಿಸಿಕೊಂಡೆ. ಆಮೇಲೆ ತಲೆಯ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

“ಆದ್ರ ಇದು ಕಲ್ಲಲ್ಲರಿ ಸಾಹೇಬ್ರ. ಇದು ನಾನ.”

“ಏನಂದ್ರಿ?”

“ಕಲ್ಲಿಗೆ ಬಡದಿದ್ರ ಒಮ್ಮೆಲೆ ಕಡದ ಹೋಗತಿತ್ತು, ದಂಡ ನುಣ್ಣಗ ಇರತಿತ್ತು. ಇಲ್ಲೆ ಮುಟ್ಟಿ ನೋಡ್ರಿ, ಸುತ್ತಲೂ ತಿಕ್ಕಿ ತರಕಲಾಗೈತಿ. ಗಾಲಿ ಮೊದಲ ದಿನದಿಂದನ ಸಡ್ಲ ಇತ್ತು. ದಿನಾ ಇಷ್ಟಿಷ್ಟ ಅಲಗ್ಯಾಡಿ ಇದನ್ನ ತಿಂದೈತಿ. ಮ್ಯಾಲಿನ ನಟ್ಟ ನಾ ಕೈಲೆ ತಿರುವಿ ಬಿಟ್ಟೆ. ದೊಡ್ಡ ಪಾನಾ ಹಾಕಿ ಬಿಗಿ ಮಾಡೂದ ಮರತೆ. ಆ ಮನಷ್ಯಾನ ಕೈ ಮುರದದ್ದು ನನ್ನಿಂದ.”

  ಕಾರ್ಯದರ್ಶಿಗಳಿಗೆ ಸಿಟ್ಟು ಬಂದದ್ದು ಫಕೀರಪ್ಪನ ಕೈಗಲ್ಲ, ತಮ್ಮ ಮಾತು ಸುಳ್ಳಾದದ್ದಕ್ಕೆ. ಶಾಲೆಯ ಜನರೇಟರು, ಪಂಪು ಯಾವುದನ್ನೂ ಇನ್ನು ಮುಂದೆ ಬೆಟಗೇರಿಗೆ ಕಳಿಸುವುದಿಲ್ಲ ಎಂದರು. ನಾಲ್ಕು ಜನಕ್ಕೆ ಹೇಳುತ್ತೇನೆ ಎಂದರು. ಹೇಳಿದರು ಕೂಡ. “ಹೇಳ್ರಿ ಸಾಹೇಬ್ರ, ಖರೆ ಐತಿ” ಎಂದು ದಾವಲಸಾಬರು ತಮ್ಮ ಚೀಲಕ್ಕೆ ಪಾನಾಗಳನ್ನು ಒಂದೊಂದಾಗಿ ಒರೆಸಿ ಹಾಕಿದರು.

ನಾನು ಆ ದಿನವೇ ನನ್ನ ಕಾಗದ ವಾಪಸು ಪಡೆದು ಇನ್ನೊಂದು ಬರೆದೆ. ಕೈ ಜಗ್ಗುತ್ತದೆ ಎಂದು ಫಕೀರಪ್ಪ ಮೊದಲೇ ಹೇಳಿದ್ದನ್ನೂ, ಜೋರಾಗಿ ಎಳೆ ಎಂದು ನಾನೇ ಹೇಳಿದ್ದನ್ನೂ ಅದರಲ್ಲಿ ಬರೆದೆ. ಎರಡನೆಯದನ್ನು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಫಕೀರಪ್ಪನನ್ನು ಮತ್ತೆ ಕೆಲಸಕ್ಕೆ ಕರೆಯಲು ಕಾರ್ಯದರ್ಶಿಗಳಿಗೆ ವಾರ ಹಿಡಿಯಿತು; ಕೊನೆಗೆ ಒಪ್ಪಿದರು.

ಫಕೀರಪ್ಪನ ಮನೆಗೆ ಹೋದಾಗ ಅವನು ಕಟ್ಟೆಯ ಮೇಲೆ, ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆಗಲೇ ದಾವಲಸಾಬರು ಬಂದು ಹೋಗಿದ್ದರಂತೆ. ನಾನು ಹೇಳಬೇಕಾದದ್ದನ್ನು ಹೇಳಿದೆ. ಅವನು ಪಟ್ಟಿಯ ಗಂಟು ಸರಿಮಾಡಿಕೊಳ್ಳುತ್ತ, “ಹೋಗ್ಲಿ ಬಿಡ್ರಿ ಅಕ್ಕೋರ” ಎಂದ. ನಾನು ಏಳುವಾಗ ಮತ್ತೆ ಹೇಳಿದ: “ಇನ್ನೊಮ್ಮೆ ಕೈ ಜಗ್ಗತೈತಿ ಅಂತ ನಾ ಅಂದ್ರ, ಒಂದ ಸಲ ನೀವ ಎಳದ ನೋಡ್ರಿ.” ಅವನು ನನ್ನ ಮೇಲೆ ಹೊರಿಸಿದ ತಪ್ಪು ಅಷ್ಟೇ. ಅದಕ್ಕಿಂತ ಭಾರವಾದದ್ದನ್ನು ನಾನು ಹೊತ್ತಿಲ್ಲ.

ನಟ್ಟು ಬಿಗಿ ಮಾಡುವುದನ್ನು ದಾವಲಸಾಬರು ಏಕೆ ಮರೆತರು ಎಂದು ನನಗೆ ಹೇಳಿದವರು ಖಾತೂನಬಿ. ನನಗೆ ಟೈಮಿಂಗ್ ಕಲಿಸಿದ ಆ ಮಧ್ಯಾಹ್ನ, ನಾನು ಎದ್ದು ಬಂದ ಮೇಲೆ, ಅವರ ಕೈಯಲ್ಲಿ ನಟ್ಟಿದ್ದಾಗಲೇ ಹೊಂಬಳದಿಂದ ಖಬರ ಬಂತಂತೆ, ಅವರ ಒಬ್ಬಳೇ ತಂಗಿ ತೀರಿಕೊಂಡಳೆಂದು. ಹಾಗೇ ಎದ್ದು ಹೋದವರು ನಾಲ್ಕು ದಿನ ಬಿಟ್ಟು ಬಂದು, ಕೂಡಿಸಿಟ್ಟ ಗಾಲಿಯನ್ನು ನೋಡಿ ಕೆಲಸ ಮುಗಿದಿದೆ ಎಂದುಕೊಂಡರು.

“ಇದನ್ನ ಅವತ್ತ ಹೇಳಬೇಕಿತ್ತಲ್ಲರಿ, ಕಾಕಾ” ಎಂದು ದಾವಲಸಾಬರಿಗೆ ಹೇಳಿದೆ.

ಅವರು ಕೈ ಒರೆಸಿಕೊಳ್ಳುತ್ತಿದ್ದರು. “ಯಾಕ ಹೇಳ್ಲಿ ಅಕ್ಕೋರ? ಖಬರ ಬಂದದ್ದು ನನಗ. ಫಕೀರಪ್ಪನ ಕೈಗೆ ಅದರ ಸಂಬಂಧ ಏನೈತಿ?”

ಫಕೀರಪ್ಪನ ಕೈ ಕೂಡುವ ತನಕ ಎರಡು ತಿಂಗಳು ಮೈದಾನದ ಹುಲ್ಲು ಕತ್ತರಿಸಿದವರು ದಾವಲಸಾಬರು. ಯಾರೂ ಕೇಳಿರಲಿಲ್ಲ; ಪುಕ್ಕಟೆಯ ಕೆಲಸವೆಂದು ಕಾರ್ಯದರ್ಶಿಗಳು ತಡೆಯಲೂ ಇಲ್ಲ. ಹೊಸ ತುಂಡು ಹಾಕಿ, ನಟ್ಟನ್ನು ನನ್ನ ಕಣ್ಣೆದುರಿಗೇ ಬಿಗಿ ಮಾಡಿ, ಮೊದಲ ಹಗ್ಗವನ್ನು ತಾವೇ ಎಳೆದರು. ವಾರಕ್ಕೆರಡು ಸಲ ಬೆಳಿಗ್ಗೆ, ಹುಡುಗಿಯರು ಬರುವ ಮೊದಲು, ಪೈಜಾಮ ಮೇಲೆತ್ತಿ ಕಟ್ಟಿಕೊಂಡು ಮಷೀನಿನ ಹಿಂದೆ ನಡೆಯುತ್ತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಈ ದಂಡೆಯಿಂದ ಆ ದಂಡೆಗೆ ಹೋಗಿ, ನಿಂತು, ತಿರುಗಿ, ಮತ್ತೆ ಈ ದಂಡೆಗೆ. ಅವರು ಹೋದ ಸಾಲು ಒಂದು ಬಣ್ಣ, ಬಂದ ಸಾಲು ಇನ್ನೊಂದು ಬಣ್ಣ. ಇಬ್ಬನಿ ಇದ್ದ ದಿನ ಹೆಜ್ಜೆಗಳೂ ಕಾಣುತ್ತಿದ್ದವು. ಒಂದು ಕೈಗೆ ಪಟ್ಟಿ ಕಟ್ಟಿಕೊಂಡ ಫಕೀರಪ್ಪ ಮುಂದೆ ಮುಂದೆ ಹೋಗಿ ಕಲ್ಲು ಆರಿಸುತ್ತಿದ್ದ.  ಎಂಜಿನ್ನಿನ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಂತಿರಲಿಲ್ಲ. ಆ ಬೆಳಗುಗಳು ನಿಜವಾಗಿ ಇದ್ದವೇ, ನಾನೇ ಎಲ್ಲೋ ಕಂಡ ಕನಸೇ ಎಂದು ಕೆಲವು ಸಲ ಅನ್ನಿಸುತ್ತದೆ.

ಆ ವರ್ಷ ನಮ್ಮ ಹುಡುಗಿಯರು ಮೊದಲ ಪಂದ್ಯದಲ್ಲೇ ಸೋತರು. ಸೋತು ಬಂದು ಹುಲ್ಲಿನ ಮೇಲೆ ಉರುಳಾಡಿದರು. ಯಾರ ಮೊಣಕಾಲಿಗೂ ಗಾಯವಿರಲಿಲ್ಲ.

ಅಂಗಡಿಗೆ ಬರುವವರು ಕಡಿಮೆಯಾದದ್ದು ನಿಜ. ಹಳಬರು ಬಿಡಲಿಲ್ಲ, ಮುಂಡರಗಿಯ ಗಿರಣಿಯವನು, ಸೊರಟೂರಿನ ಪಂಪಿನವನು ಬರುತ್ತಲೇ ಇದ್ದರು. ಎರಡು ವರ್ಷದ ಮೇಲೆ ದಾವಲಸಾಬರ ಕೈ ನಡುಗಲು ಹತ್ತಿತು. ಸಣ್ಣ ಸ್ಕ್ರೂ ಹಿಡಿದರೆ ಬೀಳುತ್ತಿತ್ತು. ತಾವಾಗಿಯೇ ಒಂದು ದಿನ ಅಂಗಡಿ ಮುಚ್ಚಿದರು. ಲಕ್ಷ್ಮೇಶ್ವರದಲ್ಲಿ ಮಗಳ ಮನೆ. ಮಗಳು ಬಂದು ಗಂಡಹೆಂಡಿರಿಬ್ಬರನ್ನೂ ಕರೆದುಕೊಂಡು ಹೋದಳು.

ಕಳೆದ ಚಳಿಗಾಲದಲ್ಲಿ ಅಲ್ಲಿಗೆ ಹೋಗಿದ್ದೆ. ಖಾತೂನಬಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದರು. ದಾವಲಸಾಬರು ತೆಳ್ಳಗಾಗಿದ್ದರು; ಆದರೆ ಮೊಮ್ಮಗಳು ಹಾಕಿ ಕಲಿಯಬೇಕು ಎಂದು ಹಟ ಮಾಡುತ್ತಾಳೆಂದು ಹೇಳುವಾಗ ಮುಖ ಬೆಳಗಿತು. “ಇಲ್ಲಿ ಮೈದಾನದಾಗ ಬರೇ ಕಲ್ಲ ಅದಾವ ಅಕ್ಕೋರ. ಹುಲ್ಲ ಹೆಂಗ ಹಿಡಸಬೇಕಂತ ಫಕೀರಪ್ಪಗ ಒಂದಿನ ಬಂದ ಹೇಳಿ ಹೋಗಂತ ಹೇಳ್ರಿ” ಎಂದರು. ಸಂಜೆ ಬೇಡವೆಂದರೂ ಕೇಳದೆ, ಕೋಲೂರಿಕೊಂಡು ಬಸ್ ನಿಲ್ದಾಣದ ತನಕ ಬಂದರು.

ಎರಡು ತಿಂಗಳ ಮೇಲೆ ಅವರು ಹೋದರು. ನಿದ್ದೆಯಲ್ಲೇ ಹೋದರಂತೆ. ಸುದ್ದಿ ನನಗೆ ಮೂರು ದಿನ ತಡವಾಗಿ ತಲುಪಿತು. ಹೋಗಿ ಖಾತೂನಬಿಯ ಪಕ್ಕದಲ್ಲಿ ಕೂತು ಬಂದೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಸಂಜೆ, ಬಸ್ಸಿನ ಕಿಟಕಿಯಿಂದ. ಬಸ್ಸು ಹೊರಟಿತ್ತು. ಕೈ ಬೀಸಬೇಕೆಂದು ತಿರುಗಿದರೆ, ನಿಲ್ದಾಣದ ಮೂಲೆಯಲ್ಲಿ ಯಾರೋ ಒಬ್ಬ ತರಕಾರಿ ತುಂಬಿದ ಟಂಟಂ ಚಾಲೂ ಆಗದೆ ಒದ್ದಾಡುತ್ತಿದ್ದ. ದಾವಲಸಾಬರು ಆಗಲೇ ಅವನ ಹತ್ತಿರ ಹೋಗಿ, ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಗ್ಗಿ ಅವನನ್ನು ಏನೋ ಕೇಳುತ್ತಿದ್ದರು. ನಾನು ಬೀಸಿದ ಕೈ ಅವರಿಗೆ ಕಾಣಲಿಲ್ಲ.